ಹಾಡಿನ ಹೆಸರು ಸಾಲದು, ಮನೆತನ ಕೇಳು

ಮಗಳೇ, ಆರ್ಕೆಸ್ಟ್ರಾ ತಂಡಕ್ಕೆ ಸೇರಿದ್ದೀಯ ಅಂತ ನಿಮ್ಮಮ್ಮ ಹೇಳಿದಾಗ ಬಹಳ ಸಂತೋಷವಾಯಿತು. ನಿನ್ನ ಕಂಠದ ವಿಷಯದಲ್ಲಿ ನಾನು ಹೇಳುವಂಥದ್ದೇನೂ ಇಲ್ಲ, ದೇವರು ಕೊಟ್ಟಿದ್ದಾನೆ. ದೊಡ್ಡಪ್ಪನಾಗಿ ಹೇಳಬೇಕಾದದ್ದು ಒಂದೇ ಒಂದಿದೆ: ಯಾವ ಹಾಡನ್ನೂ ಬರೀ ಹೆಸರು ಕೇಳಿ ಒಪ್ಪಿಕೊಳ್ಳಬೇಡ. ನಮ್ಮ ಕಡೆ ಸಂಬಂಧ ನೋಡುವಾಗ ಹೆಸರು ಕೇಳಿ ಸುಮ್ಮನಾಗುತ್ತೇವೆಯೇ? ಯಾವ ಊರು, ಯಾರ ಪೈಕಿ ಅಂತೆಲ್ಲ ವಿಚಾರಿಸುತ್ತೇವೆ. ಹಾಡಿಗೂ ಅಷ್ಟು ವಿಚಾರಣೆ ಆಗಬೇಕು.

ಸೊರಬದ ಗಣಪತಿ ಪೆಂಡಾಲಿನಲ್ಲೋ ಚಂದ್ರಗುತ್ತಿ ಜಾತ್ರೆಯಲ್ಲೋ ಜನ ವೇದಿಕೆಗೆ ಚೀಟಿ ಕಳಿಸುತ್ತಾರೆ. ಒಂದರಲ್ಲಿ 'ಬಳೆಗಾರನ ಹಾಡು' ಅಂತಷ್ಟೇ ಬರೆದಿದೆ ಎಂದಿಟ್ಟುಕೋ. ಯಾವ ಬಳೆಗಾರ?

ಜನಪದದ 'ಭಾಗ್ಯದ ಬಳೆಗಾರ' ಇದ್ದಾನೆ. ಗಂಡನ ಮನೆಯಲ್ಲಿರುವ ಹೆಣ್ಣುಮಗಳು ಅವನನ್ನು ತನ್ನ ತವರಿಗೆ ಹೋಗಿ ಬಾ ಎಂದು ಕೇಳಿಕೊಳ್ಳುತ್ತಾಳೆ. ಅವನಿಗೆ ದಾರಿ ಗೊತ್ತಿಲ್ಲ. ಅವಳು ಗುರುತು ಹೇಳುತ್ತ ಹೋಗುತ್ತಾಳೆ: ಬಾಳೆ ಯಾವ ಕೈಗೆ ಬಿಡಬೇಕು, ಸೀಬೆ ಯಾವ ಕೈಗೆ, ಮನೆಯ ಹಂಚು ಎಂಥದು, ಕದ ಎಂಥದು. ಕೊನೆಗೆ ಚಪ್ಪರದ ನಡುವೆ ಪಗಡೆಯಾಡುತ್ತ ಕೂತ ಹಡೆದವ್ವ ಕಾಣಿಸುತ್ತಾಳೆ. ಒಂದೊಂದು ಚರಣಕ್ಕೂ ತವರು ಒಂದೊಂದು ಹೆಜ್ಜೆ ಹತ್ತಿರವಾಗುತ್ತದೆ. ಸಮಯವಿಲ್ಲ ಅಂತ ನಡುವಿನ ಚರಣ ಹಾರಿಸಿದರೆ ಬಳೆಗಾರ ದಾರಿ ತಪ್ಪುತ್ತಾನೆ, ಅವ್ವನ ಹತ್ತಿರ ತಲುಪುವುದೇ ಇಲ್ಲ.

ಇನ್ನೊಬ್ಬ ಬಳೆಗಾರ ಚೆನ್ನಯ್ಯ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂತಲ್ಲ, ಅದರಲ್ಲಿರುವವನು. ಇವನ ದಾರಿ ಪೂರ್ತಿ ತಿರುವುಮುರುವು. ಹೆಂಡತಿ ತವರಿನಲ್ಲಿದ್ದಾಳೆ; ಆ ನವಿಲೂರಿನ ಮನೆಯ ಮಾತು ಹೊತ್ತು ಇವನು ಗಂಡನ ಬಾಗಿಲಿಗೆ ಬಂದು ಅಪ್ಪಣೆ ಬೇಡುತ್ತಾನೆ. ಜನಪದದಲ್ಲಿ ಹಾಡುವ ಜೀವ ಆ ಹೆಣ್ಣಿನದು, ಇಲ್ಲಿ ಬಳೆಗಾರನೇ ಬಾಯಿ ಬಿಡುತ್ತಾನೆ. ಅಲ್ಲಿ ಹಂಬಲ, ಇಲ್ಲಿ ಪರರ ಮನೆಯ ವಿಷಯ ಹೇಳುವವನ ಸಂಕೋಚ. ಎರಡನ್ನೂ ಒಂದೇ ದನಿಯಲ್ಲಿ ಹಾಡಿದರೆ ಎರಡೂ ಕೆಡುತ್ತವೆ. ಸಾಲದ್ದಕ್ಕೆ 2009ರಲ್ಲಿ ಶಿವರಾಜ್‌ಕುಮಾರ್ ಅಭಿನಯದ 'ಭಾಗ್ಯದ ಬಳೆಗಾರ' ಸಿನಿಮಾ ಬಂತು, ಇಳಯರಾಜಾ ಸಂಗೀತ. ಚೀಟಿ ಕಳಿಸಿದ ಹುಡುಗ ಆ ಸಿನಿಮಾದ ಹಾಡಿಗಾಗಿ ಕಾಯುತ್ತಿದ್ದರೂ ಕಾಯುತ್ತಿರಬಹುದು. ಮೈಕಿನಲ್ಲಿ ಒಂದು ಮಾತು ಕೇಳು, ಅದರಲ್ಲಿ ಸಣ್ಣತನವೇನಿಲ್ಲ.

ಒಂದೇ ಹೆಸರು ಹೀಗೆ ಮರುಕಳಿಸುವುದನ್ನು ಯಾರೂ ತಡೆಯಲಾರರು, ತಡೆಯಲೂಬಾರದು. ಬರೀ ಶೀರ್ಷಿಕೆಗೆ ಕೃತಿಸ್ವಾಮ್ಯವಿಲ್ಲ ಎಂದು ಸುಪ್ರೀಂ ಕೋರ್ಟೇ 2015ರಲ್ಲಿ 'ದೇಸಿ ಬಾಯ್ಸ್' ಸಿನಿಮಾದ ಪ್ರಕರಣದಲ್ಲಿ ಹೇಳಿದೆ. ಸಿನಿಮಾದವರು ವಾಣಿಜ್ಯ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುತ್ತಾರೆ, ಹಾಡಿಗೆ ಅಂಥ ಕಟ್ಟುಪಾಡಿಲ್ಲ. 'ಹಲೋ' ಅಂತ 1984ರಲ್ಲಿ ಲಯೊನೆಲ್ ರಿಚಿ ಹಾಡಿದ್ದು ಒಂದು, 2015ರಲ್ಲಿ ಅಡೆಲ್ ಹಾಡಿದ್ದು ಬೇರೆಯೇ. ನಮ್ಮಲ್ಲೂ 'ಯಾರೇ ಕೂಗಾಡಲಿ' ಅಂದರೆ ನನ್ನ ವಾರಿಗೆಯವರಿಗೆ 1974ರ 'ಸಂಪತ್ತಿಗೆ ಸವಾಲ್' ಸಿನಿಮಾದಲ್ಲಿ ಅಣ್ಣಾವ್ರು ಎಮ್ಮೆಯ ಮೇಲೆ ಕೂತು ಹಾಡಿದ್ದು. ನಿನ್ನ ಓರಗೆಯವರಿಗೆ 2012ರ ಪುನೀತ್ ಸಿನಿಮಾ. ಮೊಬೈಲಿನಲ್ಲಿ ಹೆಸರಷ್ಟೇ ಹಾಕಿ ಟ್ರ್ಯಾಕ್ ಹುಡುಕಿದರೆ ಯಾವುದೋ ಒಂದು ಸಿಗುತ್ತದೆ. ಸಿನಿಮಾ, ಇಸವಿ, ಹಾಡಿದವರು, ಮೂರನ್ನೂ ಸೇರಿಸಿ ಹುಡುಕು.

ಈ ಗೊಂದಲಕ್ಕೆ ಹಿಂದಿನವರು ಹಾಡಿನೊಳಗೇ ಪರಿಹಾರ ಇಟ್ಟಿದ್ದರು. ಅದೇ ಅಂಕಿತ. ಶಿಕಾರಿಪುರ ತಾಲ್ಲೂಕು ನಮಗೆ ಪಕ್ಕದ್ದೇ ಅಲ್ಲವೇ? ಉಡುತಡಿಯ ಅಕ್ಕನ ವಚನ ಚೆನ್ನಮಲ್ಲಿಕಾರ್ಜುನನ ಹೆಸರಿನಿಂದ ಗುರುತಾಗುತ್ತದೆ, ಬಳ್ಳಿಗಾವಿಯ ಅಲ್ಲಮನದು ಗುಹೇಶ್ವರನಿಂದ. ಮೊದಲ ಸಾಲು ಮರೆತರೂ ಒಡೆಯರು ಯಾರೆಂದು ಗೊತ್ತಾಗುತ್ತದೆ. 'ಭಾಗ್ಯದ ಲಕ್ಷ್ಮೀ ಬಾರಮ್ಮ' ಎಂಬ ಹೆಸರಿನ ಸಿನಿಮಾ 1986ರಲ್ಲಿ ಬಂತು. ಆದರೆ ಭೀಮಸೇನ ಜೋಶಿಯವರ ಕಂಠದಲ್ಲಿ ಮನೆಮನೆಗೆ ಹೋದ ಅದೇ ಹೆಸರಿನ ಕೃತಿ ಪುರಂದರದಾಸರದು ಎನ್ನುವುದು ಅದರ ಕೊನೆಯ ಚರಣದಲ್ಲಿದೆ. ಈಗಿನವರು ರೀಲ್ಸ್‌ಗೆಂದು ಪಲ್ಲವಿ ಹಾಡಿ ಕೈಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಇಂಥ ಕೃತಿಯಲ್ಲಿ ಬೇಕಾದರೆ ನಡುವಿನ ಒಂದು ಚರಣ ಬಿಡು, ಅಂಕಿತದ ಚರಣ ಮಾತ್ರ ಬಿಡಬೇಡ.

ಸಿನಿಮಾ ಹಾಡಿಗೆ, ಭಾವಗೀತೆಗೆ ಅಂಕಿತವಿಲ್ಲ. ಅಲ್ಲಿ ನಿನ್ನ ಬಾಯಿಯೇ ಆ ಕೆಲಸ ಮಾಡಬೇಕು. ಒಂದು ನೋಟ್‌ಬುಕ್ ಇಡು. ಪಲ್ಲವಿಯ ಪಕ್ಕದಲ್ಲಿ ಬರೆದವರು, ರಾಗ ಹಾಕಿದವರು, ಸಿನಿಮಾ ಅಥವಾ ಕವನ ಸಂಕಲನ, ನಿನ್ನ ಶ್ರುತಿ. ಹಾಡುವ ಮುಂಚೆ ಕವಿಯ ಹೆಸರು ಹೇಳು, ಅರ್ಧ ನಿಮಿಷವೂ ಆಗುವುದಿಲ್ಲ. ಹಾಡುವವರಿಗೆ ಚಪ್ಪಾಳೆ ಸಿಗುತ್ತದೆ, ಬಣ್ಣ ಹಚ್ಚಿದವರಿಗೆ ಶಿಳ್ಳೆ ಸಿಗುತ್ತದೆ, ಬರೆದವರನ್ನು ಕೇಳುವವರೇ ಇಲ್ಲ. ನೀನು ಕೇಳಿಸು.

ಜಿ.ಎಸ್. ಶಿವರುದ್ರಪ್ಪನವರ 'ಎದೆ ತುಂಬಿ ಹಾಡಿದೆನು' ನೀನು ಕಲಿಯುತ್ತಿರುವೆಯಂತೆ. ಆ ಹೆಸರು ಕೇಳಿದ ತಕ್ಷಣ ಎಷ್ಟೋ ಜನರಿಗೆ ನೆನಪಾಗುವುದು ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಡುತ್ತಿದ್ದ ಈಟಿವಿಯ 'ಎದೆ ತುಂಬಿ ಹಾಡುವೆನು'. ಆ ಕಾರ್ಯಕ್ರಮ ಎಷ್ಟು ಮಕ್ಕಳಿಗೆ ಕಂಠ ಬಿಚ್ಚುವ ಧೈರ್ಯ ಕೊಟ್ಟಿತು, ಎಸ್‌ಪಿಬಿ ಅವರು ಎಷ್ಟು ಅಕ್ಕರೆಯಿಂದ ತಿದ್ದುತ್ತಿದ್ದರು! ಆದರೆ ಅದು ಸ್ಪರ್ಧೆ. ಕವಿತೆಯಲ್ಲಿರುವವನಿಗೆ ಕೂತು ಕೇಳುವವರಿದ್ದರೆ ಅದೇ ಬಹುಮಾನ. ಯಾರೂ ಕೇಳದಿದ್ದರೂ ಅವನು ಹಾಡದೆ ಇರಲಾರ. ಆದ್ದರಿಂದ ಅದನ್ನು ಗೆಲ್ಲಲು ಹೊರಟವಳ ಹಾಗೆ ಎತ್ತರದ ಸ್ವರ ತೋರಿಸುತ್ತ ಹಾಡಬೇಡ. ಎದುರಿಗೆ ಕೂತ ನಾಲ್ಕು ಜನರಿಗೆ ಹೇಳಿದಂತೆ ಹಾಡು. ಶಿವರುದ್ರಪ್ಪನವರು ಹುಟ್ಟಿದ್ದು ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ, 1926ರಲ್ಲಿ. 2006ರಲ್ಲಿ ರಾಷ್ಟ್ರಕವಿಯಾದರು. ಆ ಕಡೆ ಕಾರ್ಯಕ್ರಮವಿದ್ದಾಗ ಈ ಹಾಡು ಎತ್ತಿಕೊಂಡರೆ, ಇದನ್ನು ಬರೆದವರು ನಿಮ್ಮೂರ ಸೀಮೆಯವರೇ ಅಂತ ಮೊದಲು ಹೇಳಿ, ಆಮೇಲೆ ಶ್ರುತಿ ಹಿಡಿ.