ಸೂತ್ರವನ್ನು ಕಂಡು ಘನಾಕೃತಿಯನ್ನು ಅರಿಯುವುದು

ಮಣಲಿಯಲ್ಲಿ 1969ರಲ್ಲಿ ಕಾರ್ಯಾರಂಭ ಮಾಡಿದ ತೈಲ ಶುದ್ಧೀಕರಣಾಗಾರದ ದುಂಡನೆಯ ಬೃಹತ್ ತೊಟ್ಟಿಗಳು ಚೆನ್ನೈ ಕನ್ನಡಿಗರಿಗೆ ಹೊಸವಲ್ಲ. ಆ ತೊಟ್ಟಿಯ ತೈಲವನ್ನು ಲೆಕ್ಕ ಹಾಕುವ ಸೂತ್ರವೇ ಮನೆಯ ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಬೇಕೆಂಬುದನ್ನೂ ತಿಳಿಸುತ್ತದೆ. ಆದರೆ ಸೂತ್ರವು ಯಾವ ಆಕೃತಿಯದೆಂದು ಮೊದಲು ಗುರುತಿಸಬೇಕು.

ಘನಫಲದ ಸೂತ್ರದಲ್ಲಿ ಮೂರು ಉದ್ದಗಳ ಗುಣಾಕಾರವಿರಲೇಬೇಕು. ಎರಡೇ ಇದ್ದರೆ ಅದು ಕ್ಷೇತ್ರಫಲ. ಉದ್ದ, ಅಗಲ, ಎತ್ತರಗಳಷ್ಟೇ ಇದ್ದರೆ ಆಯತಘನ. ನೆಲದಡಿಯ ಸಂಪು ಸಾಮಾನ್ಯವಾಗಿ ಈ ಜಾತಿಯದು. ‘ಪೈ’ ಕಂಡರೆ ಆಕೃತಿ ದುಂಡಗಿನದೆಂದು ತಿಳಿಯಬಹುದು. ಪೈ × ತ್ರಿಜ್ಯದ ವರ್ಗ × ಎತ್ತರ ಎಂದಿದ್ದರೆ ಬುಡದ ವೃತ್ತವೇ ಮೇಲಿನವರೆಗೂ ಸಾಗಿದೆ, ಅದು ಸಿಲಿಂಡರ್. ಅದರ ಮೂರನೆಯ ಒಂದು ಭಾಗವಾದರೆ ತುದಿ ಚೂಪಾದ ಶಂಕು.

ಎತ್ತರದ ಮಾತೇ ಇಲ್ಲದಿದ್ದರೆ? ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಇಂಥದೊಂದು ನಿಯಮವಿದೆ. (ಈ ಗ್ರಂಥವು ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಅಚ್ಚಾದುದು ಮದರಾಸಿನಲ್ಲಿಯೇ.) ತ್ರಿಜ್ಯದ ಘನದ ಅರ್ಧವನ್ನು 9ರಿಂದ ಗುಣಿಸಿದರೆ ಸ್ಥೂಲಫಲ, ಅದರ ಹತ್ತರಲ್ಲಿ ಒಂಬತ್ತು ಭಾಗವು ಸೂಕ್ಷ್ಮಫಲ. ಒಂದೇ ಅಳತೆ ಮೂರು ಸಲ ಬಂದಿದೆ. ಎಲ್ಲ ದಿಕ್ಕಿಗೂ ಒಂದೇ ಅಳತೆಯುಳ್ಳ ದುಂಡು ವಸ್ತು ಗೋಳವೇ ಸರಿ. ಆತನ ಸೂಕ್ಷ್ಮ ಗುಣಕ 4.05, ಇಂದಿನದು ಸುಮಾರು 4.19. ಸಾವಿರ ವರ್ಷಕ್ಕೂ ಹಿಂದಿನ ಲೆಕ್ಕವೆಂದು ನೆನೆದರೆ ಈ ಅಂತರ ದೊಡ್ಡದಲ್ಲ.

ಇನ್ನು ಬಾವಿಯ ವಿಷಯ. ಆರೋಗ್ಯ ಕೈಪಿಡಿಗಳಲ್ಲಿ 3.14 × ವ್ಯಾಸದ ವರ್ಗ × ನೀರಿನ ಆಳ ÷ 4 ಎಂದಿರುತ್ತದೆ. ಆ ನಾಲ್ಕನ್ನು ಕಂಡು ಬೆದರಬೇಕಾಗಿಲ್ಲ. ತ್ರಿಜ್ಯದ ಬದಲು ವ್ಯಾಸವನ್ನು ಬಳಸಿದುದರಿಂದ ಅದು ಬಂದಿದೆ, ಆಕೃತಿ ಸಿಲಿಂಡರೇ. ವ್ಯಾಸ 2 ಮೀಟರ್, ನೀರಿನ ಆಳ 5 ಮೀಟರ್ ಆದರೆ 15.7 ಘನಮೀಟರ್, ಎಂದರೆ 15,700 ಲೀಟರ್. ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಪುಡಿಯಂತೆ ಬೇಕಾದುದು 39 ಗ್ರಾಂ. ಶಂಕುವೆಂದು ಬಗೆದರೆ 13 ಗ್ರಾಮಿಗೇ ಲೆಕ್ಕ ಮುಗಿದು, ರೋಗಾಣುಗಳು ಉಳಿದಾವು. ವ್ಯಾಸವನ್ನೇ ತ್ರಿಜ್ಯವೆಂದು ತಿಳಿದರೆ 157 ಗ್ರಾಂ ಸುರಿದು, ನೀರು ಬಾಯಿಗಿಡಲಾಗದು.

ತೇವ ತಗುಲಿದ ಹಳೆಯ ಪುಡಿಯಲ್ಲಿ ಕ್ಲೋರಿನ್ ಕುಂದಿರುತ್ತದೆ. ಆದುದರಿಂದ ಲೆಕ್ಕ ಸರಿಯಿದ್ದರೂ ಒಂದು ಗಂಟೆ ಕಾದು, ಲೀಟರಿಗೆ 0.5 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ನೀರು ಸೇದತಕ್ಕದ್ದು.