*ಬಾಡಿಗೆ ಮನೆ ಹಿಡಿಯುವ ಮುನ್ನ ಅಮ್ಮನ ಜೊತೆ ಒಂದು ಸುತ್ತು ನಡೆಯಿರಿ*



ಈ ಮಾಲಿಕೆಯಲ್ಲಿ ಸಾಮಾನ್ಯವಾಗಿ ಸಕ್ಕರೆ ಕಾಯಿಲೆ, ಬಿಪಿ, ಊಟ, ನಿದ್ದೆ ಎಂದು ಮಾತಾಡುತ್ತೇವೆ. ಇವತ್ತು ಇವೆಲ್ಲದರ ಹಿಂದೆ ನಿಂತಿರುವ ಒಂದು ವಿಷಯ ನೋಡೋಣ: ನೀವು ವಾಸ ಮಾಡುತ್ತಿರುವ ಜಾಗ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಪೂರ್ತಿ ಓದಿ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಾವೇರಿ ಕಡೆಯ ತಾಯಿ, ವಯಸ್ಸು 67. ಊರಲ್ಲಿದ್ದಾಗ ಅವರಿಗೆ ‘ವಾಕಿಂಗ್’ ಅನ್ನುವ ಮಾತೇ ಬೇಕಿರಲಿಲ್ಲ. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವುದು, ಹಿತ್ತಲ ಕೆಲಸ, ಗುಡಿ, ವಾರದ ಸಂತೆ, ಸಂಜೆ ಪಕ್ಕದ ಮನೆಯ ಕಟ್ಟೆ. ಯಜಮಾನರು ತೀರಿಕೊಂಡ ಮೇಲೆ ಪುಣೆಯಲ್ಲಿರುವ ಮಗ ಕರೆಸಿಕೊಂಡ. ಹನ್ನೊಂದನೇ ಮಹಡಿ, ಲಿಫ್ಟು, ಇನ್ವರ್ಟರ್, ಟಿವಿಯಲ್ಲಿ ಕನ್ನಡ ಚಾನೆಲ್ಲು. ಯಾವುದಕ್ಕೂ ಕಡಿಮೆ ಇಲ್ಲ. ಒಂದು ವರ್ಷದಲ್ಲಿ ತೂಕ ಏರಿತು, ಸಕ್ಕರೆ ಏರಿತು, ಮೊಣಕಾಲು ಹಿಡಿಯಿತು, ರಾತ್ರಿ ನಿದ್ದೆ ಹೋಯಿತು. “ದಿನಾ ಅರ್ಧ ಗಂಟೆ ನಡೀರಿ” ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಅಮ್ಮ ಕೇಳಿದ್ದು ಒಂದೇ ಮಾತು: “ಎಲ್ಲಿ ಅಡ್ಡಾಡ್ಲೋ ತಮ್ಮಾ? ಗೇಟ್ ದಾಟಿದ್ರ ಹೈವೇ ಐತಿ.”

ಮಗನ ಹತ್ತಿರ ಉತ್ತರ ಇರಲಿಲ್ಲ. ಮನೆ ನೋಡುವಾಗ ಅವನು ಬಾಡಿಗೆ ಕೇಳಿದ್ದ, ಡಿಪಾಸಿಟ್ ಕೇಳಿದ್ದ, ಪಾರ್ಕಿಂಗ್ ಕೇಳಿದ್ದ, ಆಫೀಸು ಎಷ್ಟು ದೂರ ಎಂದೂ ಕೇಳಿದ್ದ. ಅಮ್ಮ ಎಲ್ಲಿ ನಡೆಯಬೇಕು ಎಂದು ಕೇಳಿರಲಿಲ್ಲ. ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ, ಹೇಳಿ?

*ಯಾವ ಊರು ಒಳ್ಳೆಯದು?*

ಮುಂಬೈ ಒಳ್ಳೆಯದೋ ಪುಣೆಯೋ, ಚೆನ್ನೈಯೋ ಹೈದರಾಬಾದೋ ಎಂಬ ವಾದ ನಮ್ಮ ಗ್ರೂಪುಗಳಲ್ಲಿ ಆಗಾಗ ನಡೆಯುತ್ತದೆ. ಕೇಂದ್ರ ಸರ್ಕಾರವೂ ಇದಕ್ಕೆ ಒಂದು ಪಟ್ಟಿ ಮಾಡಿತ್ತು, ‘ಈಸ್ ಆಫ್ ಲಿವಿಂಗ್’ ಸೂಚ್ಯಂಕ ಅಂತ. 2018ರ ಪಟ್ಟಿಯಲ್ಲಿ ಪುಣೆ ಮೊದಲು, ಬೆಂಗಳೂರು 58ನೇ ಸ್ಥಾನ. 2020ರ ಪಟ್ಟಿಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ ಬೆಂಗಳೂರೇ ಮೊದಲು, ಪುಣೆ ಎರಡನೆಯದು. ಎರಡು ವರ್ಷದಲ್ಲಿ ಬೆಂಗಳೂರಿನ ಧೂಳು, ಟ್ರಾಫಿಕ್ಕು ಮಾಯವಾಗಿದ್ದವೇ? ಲೆಕ್ಕ ಹಾಕುವ ವಿಧಾನ ಬದಲಾಗಿತ್ತು, ಅಷ್ಟೇ.

ಊರಿನ ಪಟ್ಟಿಯಿಂದ ನಿಮ್ಮ ಮನೆಯವರ ಆರೋಗ್ಯ ತಿಳಿಯುವುದಿಲ್ಲ. ಅದು ತಿಳಿಯುವುದು ನಿಮ್ಮ ಬಾಗಿಲಿನಿಂದ ಹದಿನೈದು ನಿಮಿಷದ ನಡಿಗೆಯೊಳಗೆ ಏನಿದೆ ಎಂಬುದರಿಂದ. ಒಂದೇ ಪುಣೆಯಲ್ಲಿ ಹೈವೇ ಅಂಚಿನ ಟವರೂ ಇದೆ, ಬೆಳಿಗ್ಗೆ ಜನ ನಡೆದು ಹತ್ತುವ ಪರ್ವತಿ ಗುಡ್ಡವೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹಿರಿಯರಿಗೆ ಹಿತವಾದ ನಗರ ಹೇಗಿರಬೇಕು ಎಂಬ ಮಾರ್ಗದರ್ಶಿ ತಂದಿತು. ಅದಕ್ಕಾಗಿ 33 ನಗರಗಳಲ್ಲಿ ವಯಸ್ಸಾದವರನ್ನೇ ಕೂರಿಸಿ ಕೇಳಿದ್ದರು. ನಮ್ಮ ದೆಹಲಿ, ಉದಯಪುರ ಎರಡೂ ಅದರಲ್ಲಿದ್ದವು. ಅದರಲ್ಲಿ ಎಂಟು ವಿಷಯಗಳಿವೆ. ಆಸ್ಪತ್ರೆ ಅದರಲ್ಲಿ ಒಂದು ಭಾಗ ಮಾತ್ರ. ಉಳಿದದ್ದು ರಸ್ತೆ, ಬಸ್ಸು, ಮನೆ, ಜನರ ಒಡನಾಟ, ಗೌರವ.

ಹಾಗಾದರೆ ಮನೆ ನೋಡಲು ಹೋದಾಗ ಏನು ನೋಡಬೇಕು? ಬ್ರೋಕರ್ ಜೊತೆ ಕಾರಿನಲ್ಲಿ ಹೋಗಿ ಬಂದರೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಅತಿ ನಿಧಾನ ನಡೆಯುವವರು ಯಾರೋ ಅವರನ್ನು ಕರೆದುಕೊಂಡು ಒಂದು ಸುತ್ತು ನಡೆಯಿರಿ. ಅಮ್ಮ ಆಗಬಹುದು, ಅತ್ತೆ, ಮಾವ ಆಗಬಹುದು, ಮೂರು ವರ್ಷದ ಮಗುವೂ ಆಗಬಹುದು.

*1. ರಸ್ತೆ ದಾಟಿ ನೋಡಿ*

ಗೇಟಿನಿಂದ ತರಕಾರಿ ಅಂಗಡಿಗೆ ನಡೆದು ಹೋಗಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದಂತೆ ಫುಟ್‌ಪಾತಿನಲ್ಲಿ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು, ಎತ್ತರ 15 ಸೆಂಟಿಮೀಟರ್ ಮೀರಬಾರದು. ಅಂದರೆ ಒಂದು ಗೇಣಿಗಿಂತ ಕಡಿಮೆ. ಮೊಣಕಾಲು ನೋವಿರುವವರು ಪ್ರತಿ ಗೇಟಿನ ಹತ್ತಿರ ಎತ್ತರದ ಕಲ್ಲು ಇಳಿದು ಹತ್ತಬೇಕಾದರೆ ನಾಲ್ಕನೇ ದಿನ ನಡೆಯುವುದನ್ನೇ ಬಿಡುತ್ತಾರೆ.

ಸಿಗ್ನಲ್ ಇದ್ದರೆ ಸೆಕೆಂಡು ಎಣಿಸಿ. ಸಾಮಾನ್ಯವಾಗಿ ಪಾದಚಾರಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ ಎಂಬ ಲೆಕ್ಕದಲ್ಲಿ ಸಮಯ ಇಡುತ್ತಾರೆ. 20 ಮೀಟರ್ ಅಗಲದ ರಸ್ತೆ ದಾಟಲು ಆ ಲೆಕ್ಕದಲ್ಲಿ 17 ಸೆಕೆಂಡು ಸಾಕು. ನಿಮ್ಮ ಅಮ್ಮ ಸೆಕೆಂಡಿಗೆ 0.8 ಮೀಟರ್ ನಡೆದರೆ 25 ಸೆಕೆಂಡು ಬೇಕು. ಆ ಎಂಟು ಸೆಕೆಂಡು ಅವರು ನಡುರಸ್ತೆಯಲ್ಲಿ ಇರುತ್ತಾರೆ. “ಅಮ್ಮ ಹೊರಗೇ ಹೋಗಲ್ಲ ಅಂತಾರೆ” ಎಂದು ನಾವು ದೂರುತ್ತೇವೆ. ಸೋಮಾರಿತನ ಅಂದುಕೊಂಡದ್ದು ಎಷ್ಟೋ ಸಲ ಈ ಭಯ.

*2. ಕೂರಲು ಜಾಗ, ನೆರಳು, ಶೌಚಾಲಯ*

ವಯಸ್ಸಾದವರಿಗೆ ನಡೆಯಲು ಬೇಕಾದದ್ದು ನಡುನಡುವೆ ಕೂರುವ ಜಾಗ. ಊರಲ್ಲಿ ಅರಳಿ ಕಟ್ಟೆ ಇತ್ತು. ಮುಂಬೈಯ ಶಿವಾಜಿ ಪಾರ್ಕಿನ ಸುತ್ತ ಇರುವ ಗಿಡ್ಡ ಗೋಡೆಯನ್ನು ಮರಾಠಿಯವರು ‘ಕಟ್ಟಾ’ ಎಂದೇ ಕರೆಯುತ್ತಾರೆ. ಸಂಜೆ ಅಲ್ಲಿ ಎಷ್ಟು ಹಿರಿಯರು ಕೂತಿರುತ್ತಾರೆ ನೋಡಿ. ಚೆನ್ನೈಯ ಪಾಂಡಿ ಬಜಾರಿನಲ್ಲಿ 2019ರಲ್ಲಿ ಫುಟ್‌ಪಾತ್ ಅಗಲ ಮಾಡಿ ಬೆಂಚು ಹಾಕಿದರು. ನಿಮ್ಮ ಸುತ್ತಿನಲ್ಲಿ ಇಂಥ ಜಾಗ ಎಷ್ಟಿವೆ, ಎಣಿಸಿ.

ಶೌಚಾಲಯದ ಮಾತು ಆಡಲು ನಮ್ಮ ಹೆಂಗಸರು ಸಂಕೋಚ ಪಡುತ್ತಾರೆ. ಹೊರಗೆ ಎಲ್ಲೂ ವ್ಯವಸ್ಥೆ ಇಲ್ಲ ಎಂದು ನೀರು ಕುಡಿಯುವುದನ್ನೇ ಬಿಡುತ್ತಾರೆ. ನೀರು ಕಡಿಮೆಯಾದರೆ, ಮೂತ್ರ ತಡೆದರೆ ಉರಿಮೂತ್ರ, ಸೋಂಕು ಬರುವ ಸಾಧ್ಯತೆ ಹೆಚ್ಚು. ಶುಚಿಯಾದ ಸಾರ್ವಜನಿಕ ಶೌಚಾಲಯ ಹತ್ತಿರ ಇದ್ದರೆ ಅದೂ ಒಂದು ಆರೋಗ್ಯ ಸೌಲಭ್ಯ ಎಂದೇ ತಿಳಿಯಿರಿ.

*3. ಗಾಳಿ*

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪಿನಲ್ಲಿ ಹತ್ತಿರದ ಕೇಂದ್ರದ ಎಕ್ಯೂಐ ನೋಡಬಹುದು. 50ರ ಒಳಗೆ ಉತ್ತಮ, 100ರವರೆಗೆ ತೃಪ್ತಿಕರ. 200 ದಾಟಿದರೆ ‘ಕಳಪೆ’, 300 ದಾಟಿದರೆ ‘ತುಂಬಾ ಕಳಪೆ’. ನಮ್ಮ ದೇಶದ ಮಿತಿ ಸಡಿಲ ಎಂಬುದೂ ನೆನಪಿರಲಿ. ಪಿಎಂ 2.5 ಎಂಬ ಸಣ್ಣ ಕಣಗಳಿಗೆ ನಮ್ಮ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5.

ಊರಿನ ಗಾಳಿ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ದೊಡ್ಡ ರಸ್ತೆಯ ಮೇಲಿನ ಹೊಗೆ ಕೆಲವು ನೂರು ಮೀಟರ್ ಒಳಗೆ ಹೋದರೆ ಎಷ್ಟೋ ಇಳಿಯುತ್ತದೆ. ಹೆದ್ದಾರಿಗೆ ಮುಖ ಮಾಡಿದ ಮನೆಗಿಂತ ಎರಡು ಗಲ್ಲಿ ಒಳಗಿನ ಮನೆ ಶ್ವಾಸಕ್ಕೆ ಒಳ್ಳೆಯದು. ದೆಹಲಿಯಲ್ಲಿರುವವರೇ, ನವೆಂಬರಿನಿಂದ ಜನವರಿವರೆಗೆ ನಸುಕಿನಲ್ಲಿ ವಾಕಿಂಗ್ ಬೇಡ. ಆ ಹೊತ್ತಿಗೆ ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ಬಿಸಿಲು ಏರಿದ ಮೇಲೆ, ಎಕ್ಯೂಐ ನೋಡಿ ಹೊರಡಿ.

*4. ಸದ್ದು*

ಬಾಡಿಗೆ ಮನೆಯನ್ನು ಎಲ್ಲರೂ ಭಾನುವಾರ ಮಧ್ಯಾಹ್ನ ನೋಡುತ್ತಾರೆ. ನೀವು ವಾರದ ದಿನ ರಾತ್ರಿ ಹತ್ತರ ಮೇಲೆ ಒಮ್ಮೆ ಹೋಗಿ ಹತ್ತು ನಿಮಿಷ ನಿಲ್ಲಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಗಿನ ಆರರವರೆಗೆ. ನಿದ್ದೆ ಪದೇ ಪದೇ ಮುರಿದರೆ ಬಿಪಿ, ಸಕ್ಕರೆ ಎರಡೂ ಹತೋಟಿಗೆ ಬರುವುದು ಕಷ್ಟ. ಮಾತ್ರೆ ಹೆಚ್ಚಿಸುವ ಮೊದಲು ಮಲಗುವ ಕೋಣೆ ಬದಲಿಸಿ ನೋಡಿದವರು ಕಡಿಮೆ.

*5. ಬೆಳಕು ಮತ್ತು ಮಹಡಿ*

ಇದರಲ್ಲಿ ಸ್ವಲ್ಪ ಯೋಚನೆ ಬೇಕು. ಕಾಲಿಗೆ ಕೆಳಗಿನ ಮಹಡಿ ಒಳ್ಳೆಯದು. ಆದರೆ ಒತ್ತೊತ್ತಾಗಿ ಕಟ್ಟಿದ ಕಟ್ಟಡಗಳಲ್ಲಿ ಕೆಳಗಿನ ಮಹಡಿಗೆ ಬಿಸಿಲೂ ಬರುವುದಿಲ್ಲ, ಗಾಳಿಯೂ ಆಡುವುದಿಲ್ಲ. ಮುಂಬೈಯ ಗೋವಂಡಿ ಕಡೆ ಇಂಥ ಪುನರ್ವಸತಿ ಕಟ್ಟಡಗಳಲ್ಲಿ ಕ್ಷಯರೋಗ ಹೆಚ್ಚು ಕಂಡುಬಂದಿದೆ. ಹಗಲು ಹನ್ನೆರಡಕ್ಕೆ ದೀಪ ಹಾಕದೆ ಪೇಪರ್ ಓದಲು ಆಗುತ್ತದೆಯೇ? ಎದುರು ಬದುರು ಎರಡು ಕಿಟಕಿ ತೆರೆದರೆ ಗಾಳಿ ಹಾಯುತ್ತದೆಯೇ? ಇಷ್ಟು ನೋಡಿ. ಹೈದರಾಬಾದ್, ದೆಹಲಿಯಲ್ಲಿ ಕೊನೆಯ ಮಹಡಿ ಬೇಸಿಗೆಯಲ್ಲಿ ಕಾವಲಿಯಂತೆ ಕಾಯುತ್ತದೆ. ಹಿರಿಯರಿದ್ದರೆ ಅದನ್ನು ಬಿಡಿ. ಲಿಫ್ಟು ಇದ್ದರೆ ಕರೆಂಟ್ ಹೋದಾಗ ನಡೆಯುತ್ತದೆಯೇ ಎಂದು ಕೇಳಿ.

*6. ಡಾಕ್ಟರು*

ದೊಡ್ಡ ಆಸ್ಪತ್ರೆ ಅರ್ಧ ಗಂಟೆ ದೂರ ಇದ್ದರೂ ನಡೆಯುತ್ತದೆ. ಬಿಪಿ ನೋಡಿ ಮಾತ್ರೆ ಬರೆದುಕೊಡುವ ಡಾಕ್ಟರು ನಡೆದು ಹೋಗುವಷ್ಟು ಹತ್ತಿರ ಇರಬೇಕು. ಹೈದರಾಬಾದಿನಲ್ಲಿ ಬಸ್ತಿ ದವಾಖಾನೆ, ಮುಂಬೈಯಲ್ಲಿ ಆಪಲಾ ದವಾಖಾನಾ ಇರುವುದು ಇದಕ್ಕೇ. 70 ದಾಟಿದವರಿಗೆ 2024ರ ಅಕ್ಟೋಬರಿನಿಂದ ಆದಾಯ ಎಷ್ಟೇ ಇರಲಿ ಆಯುಷ್ಮಾನ್ ಭಾರತದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆಯ ಯೋಜನೆ ಇದೆ. ಕಾರ್ಡು ಮಾಡಿಸಿ, ಹತ್ತಿರದ ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಎಂದು ಮೊದಲೇ ವಿಚಾರಿಸಿಡಿ. ತುರ್ತಿಗೆ ಎಲ್ಲ ಕಡೆ 112.

*7. ಮಾತು*

ಇದನ್ನು ಕೊನೆಗೆ ಇಟ್ಟಿದ್ದೇನೆ, ಆದರೆ ತೂಕ ಇದಕ್ಕೇ ಹೆಚ್ಚು. ಪ್ರಪಂಚದಲ್ಲಿ ಆರರಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರಲ್ಲಿ ಹೇಳಿತು. ಒಂಟಿತನದಿಂದ ಹೃದಯದ ಕಾಯಿಲೆ, ಪಾರ್ಶ್ವವಾಯು, ಮರೆವಿನ ಅಪಾಯವೂ ಹೆಚ್ಚು. ಭಾಷೆ ಬಾರದ ಊರಲ್ಲಿ, ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಅಮ್ಮ ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ಒಂದು ಮಾತೂ ಆಡದೆ ಕೂರುವುದಿದೆ. ಎಷ್ಟು ಮಾತಾಡಿದಿರಿ ಎಂದು ಯಾವ ಡಾಕ್ಟರೂ ಕೇಳುವುದಿಲ್ಲ. ನೀವು ಕೇಳಿ.

ಮುಂಬೈಯಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ದೆಹಲಿಯ ಆರ್.ಕೆ. ಪುರಂನ ಕರ್ನಾಟಕ ಸಂಘ, ಪುಣೆಯ ಕನ್ನಡ ಸಂಘ, ಚೆನ್ನೈಯ ಟಿ. ನಗರದ ಕರ್ನಾಟಕ ಸಂಘ, ಹೈದರಾಬಾದಿನ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ. ಇವುಗಳಲ್ಲಿ ಒಂದಕ್ಕೆ ತಿಂಗಳಿಗೊಮ್ಮೆಯಾದರೂ ಕರೆದುಕೊಂಡು ಹೋಗಿ. ಆದರೆ ದಿನದ ಮಾತಿಗೆ ಪಕ್ಕದ ಮನೆ ಬೇಕು. ನೋಡಲು ಹೋದ ಕಟ್ಟಡದಲ್ಲಿ ಬಾಗಿಲುಗಳು ತೆರೆದಿವೆಯೇ, ಕೆಳಗೆ ಹಿರಿಯರು ಕೂತಿದ್ದಾರೆಯೇ ಎಂದು ಗಮನಿಸಿ.

*ಮನೆ ಬದಲಿಸಲು ಆಗದವರು ಏನು ಮಾಡಬೇಕು?*

ಎಲ್ಲರ ಕೈಗೂ ಆಯ್ಕೆ ಇರುವುದಿಲ್ಲ. ಬಾಡಿಗೆ, ಮಕ್ಕಳ ಶಾಲೆ, ಸೈಟಿನ ಕೆಲಸ, ಹೋಟೆಲ್ ಕೆಲಸ ಎಲ್ಲಿರುತ್ತದೋ ಅಲ್ಲೇ ಇರಬೇಕಾಗುತ್ತದೆ. ಅವರಿಗೂ ದಾರಿ ಇದೆ.

▪️ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಒಂದೇ ಸಲ ಅರ್ಧ ಗಂಟೆ ಆಗಬೇಕೆಂದಿಲ್ಲ. ಕಟ್ಟಡದ ಸುತ್ತ, ವರಾಂಡದಲ್ಲಿ, ಊಟವಾದ ಮೇಲೆ ಹತ್ತು ಹತ್ತು ನಿಮಿಷ ನಡೆದರೂ ಲೆಕ್ಕಕ್ಕೆ ಬರುತ್ತದೆ. ನಡೆಯುವಾಗ ಎದೆ ಹಿಡಿದರೆ, ಉಸಿರು ಕಟ್ಟಿದರೆ ನಿಲ್ಲಿಸಿ, ಡಾಕ್ಟರನ್ನು ಕಾಣಿ.

▪️ ವಾರಕ್ಕೆ ಎರಡು ದಿನ ಬಸ್ಸು ಹತ್ತಿ ಒಳ್ಳೆಯ ಜಾಗಕ್ಕೆ ಹೋಗಿ: ಲೋಧಿ ಗಾರ್ಡನ್, ಮರೀನಾ ತೀರ, ಕೆಬಿಆರ್ ಪಾರ್ಕ್, ಮಾಟುಂಗಾದ ಫೈವ್ ಗಾರ್ಡನ್ಸ್. ಚೆನ್ನೈಯ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಹೈದರಾಬಾದಿನಲ್ಲೂ ಇಲ್ಲ, ಆದರೆ ತೆಲಂಗಾಣದ ವಿಳಾಸವಿರುವ ಗುರುತಿನ ಚೀಟಿ ಬೇಕು. ಆಧಾರ್ ವಿಳಾಸ ಇನ್ನೂ ಊರಿನದೇ ಇದ್ದರೆ ಬದಲಿಸಿ.

▪️ ಸೊಸೈಟಿ ಮೀಟಿಂಗಿನಲ್ಲಿ ಎರಡೇ ಎರಡು ಕೇಳಿ: ಕೆಳಗೆ ಒಂದು ಬೆಂಚು, ಮೆಟ್ಟಿಲಿಗೆ ಹಿಡಿಕೆ. ಖರ್ಚು ಕಡಿಮೆ, ಬೀಳುವುದು ತಪ್ಪುತ್ತದೆ.

▪️ ಮುರಿದ ಫುಟ್‌ಪಾತ್, ತೆರೆದ ಗಟಾರ, ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರು ಕಂಡರೆ ಫೋಟೊ ತೆಗೆದು ದೂರು ಕೊಡಿ. ಮುಂಬೈ ಪಾಲಿಕೆಗೆ 1916, ಚೆನ್ನೈಗೆ 1913. ಬೇರೆ ಊರುಗಳಲ್ಲಿ ವಾರ್ಡ್ ಕಚೇರಿ. “ನಾವು ಹೊರಗಿನವರು, ನಮಗ್ಯಾಕೆ” ಎನ್ನಬೇಡಿ. ಡೆಂಗಿ ಸೊಳ್ಳೆ ಊರು ಕೇಳಿ ಕಚ್ಚುವುದಿಲ್ಲ.

▪️ ಹಿರಿಯರಿಗೆ ಯಾವುದೇ ನೆರವು ಬೇಕಾದರೆ ಎಲ್ಡರ್‌ಲೈನ್ 14567, ಉಚಿತ ಕರೆ.

ಆ ಹಾವೇರಿ ಅಮ್ಮನ ಮನೆಗೆ ಮರಳೋಣ. ಮಹಾರಾಷ್ಟ್ರದಲ್ಲಿ ಬಾಡಿಗೆ ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. ಮುಂದಿನ ಅಗ್ರಿಮೆಂಟಿಗೆ ಮಗ ಅಮ್ಮನನ್ನೇ ಜೊತೆಗೆ ಕರೆದುಕೊಂಡು ಮನೆ ನೋಡಿದ. ಹಳೆಯ ಬಡಾವಣೆ, ಎರಡನೇ ಮಹಡಿ, ಕೋಣೆ ಒಂದು ಕಡಿಮೆ, ಆಫೀಸು ಇಪ್ಪತ್ತು ನಿಮಿಷ ದೂರ. ಕೆಳಗೆ ತರಕಾರಿ ಗಾಡಿ, ಎದುರಿಗೆ ಮಾರುತಿ ಗುಡಿ, ಅದರ ಕಟ್ಟೆ. ಮಾತ್ರೆ ನಿಂತಿಲ್ಲ, ಮೊಣಕಾಲೂ ಪೂರ್ತಿ ಹೋಗಿಲ್ಲ. ಆದರೆ ಅಮ್ಮ ದಿನಾ ಎರಡು ಸಲ ಕೆಳಗೆ ಇಳಿಯುತ್ತಾರೆ. “ಕಿತಿ ಝಾಲೇ?” ಎಂದು ಕೇಳಿ ಕೊತ್ತಂಬರಿಗೆ ಚೌಕಾಸಿ ಮಾಡುತ್ತಾರೆ. ರಾತ್ರಿ ಮಲಗಿದರೆ ನಿದ್ದೆ ಬರುತ್ತದೆ.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರ ಕೈ ಹಿಡಿದು, ಅವರ ವೇಗಕ್ಕೆ ನಡೆದು, ಹದಿನೈದು ನಿಮಿಷ ಹೋಗಿ ಬನ್ನಿ. ಎಲ್ಲಿ ಅವರು ನಿಂತರು, ಎಲ್ಲಿ ಹೆದರಿದರು, ಎಲ್ಲಿ ಕೂರಬೇಕೆಂದರು ಎಂದು ನೋಡಿಕೊಳ್ಳಿ. ನಿಮ್ಮ ಊರು ಅವರಿಗೆ ಎಷ್ಟು ಒಳ್ಳೆಯದು ಎಂದು ಅಷ್ಟರಲ್ಲೇ ತಿಳಿಯುತ್ತದೆ.

ಹೊಸ ಮನೆ ಹುಡುಕುತ್ತಿರುವ, ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಿರುವ ನಿಮ್ಮ ಬಳಗದವರಿಗೆ ಇದನ್ನು ತಪ್ಪದೆ ಕಳಿಸಿ. ಆರೋಗ್ಯವಾಗಿರಿ 🙏