ಕಾರಿನ ವಿಮೆ ಕೇಳುವುದು ವಯಸ್ಸನ್ನಲ್ಲ, ಲೈಸೆನ್ಸನ್ನು

ಆರೋಗ್ಯ ವಿಮೆಯ ಪ್ರೀಮಿಯಂ ಏರುತ್ತಲೇ ಹೋಗುವುದನ್ನು ಕಂಡ ನನ್ನ ವಾರಿಗೆಯವರು ಕಾರಿನ ವಿಮೆಯೂ ಹಾಗೇ ಇರಬೇಕೆಂದು ಅಂಜುತ್ತಾರೆ. ಕುಕ್ಕರಹಳ್ಳಿ ಕೆರೆಯ ಸುತ್ತ ವಾಕಿಂಗ್ ಮಾಡುವಾಗ ಈ ಮಾತು ಆಗಾಗ ಬರುತ್ತದೆ: ‘ಎಪ್ಪತ್ತಾಯ್ತಲ್ಲ ಸಾರ್, ಇನ್ನು ಕಾರಿಗೆ ಎಷ್ಟು ಕೇಳ್ತಾರೋ!’ ನಮ್ಮ ದೇಶದಲ್ಲಿ ಲೆಕ್ಕ ಹಾಗಿಲ್ಲ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ಗೊತ್ತುಮಾಡುತ್ತದೆ, ಅದು ನೋಡುವುದು ಎಂಜಿನ್ನನ್ನು. 2022ರ ಜೂನ್‌ನಲ್ಲಿ ಜಾರಿಗೆ ಬಂದ ಪಟ್ಟಿಯ ಪ್ರಕಾರ ನನ್ನ 1,200 ಸಿಸಿ ಕಾರಿಗೆ 3,416 ರೂಪಾಯಿ. ಮಗಳ ಕಾರೂ ಅಂಥದೇ, ಅವಳಿಗೂ ಅಷ್ಟೇ. ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗವೂ ಮುಖ್ಯವಾಗಿ ಕಾರಿನ ಬೆಲೆ, ಅದರ ವಯಸ್ಸು, ನೋಂದಣಿಯಾದ ಊರು ಇವುಗಳ ಮೇಲೆ ನಿಂತಿದೆ.

ನಮ್ಮ ವಯಸ್ಸು ಎದುರಾಗುವುದು ಲೈಸೆನ್ಸಿನಲ್ಲಿ. 55 ದಾಟಿದವರಿಗೆ ಐದೈದು ವರ್ಷಕ್ಕೆ ಮಾತ್ರ ನವೀಕರಣ, ಜೊತೆಗೆ ವೈದ್ಯರು ಸಹಿ ಮಾಡಿದ ಫಾರಂ 1ಎ. ಮೊದಲೆಲ್ಲ ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. 2019ರ ತಿದ್ದುಪಡಿ ಆ ರಿಯಾಯಿತಿಯನ್ನು ತೆಗೆದುಹಾಕಿತು. ನಮ್ಮ ಬೀದಿಯ ಹಿರಿಯರೊಬ್ಬರ ಕಾರು ನಂಜನಗೂಡು ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ಬಡಿದಾಗ ಅವರ ಲೈಸೆನ್ಸ್ ಮುಗಿದು ತಿಂಗಳೂ ಆಗಿರಲಿಲ್ಲ. ಒಂದು ವರ್ಷವೂ ಪ್ರೀಮಿಯಂ ತಪ್ಪಿಸದ ಮನುಷ್ಯ. ಆದರೂ ಅಪಘಾತದ ದಿನ ಊರ್ಜಿತ ಲೈಸೆನ್ಸ್ ಇರಲಿಲ್ಲವೆಂದು ಕ್ಲೇಮು ತಿರಸ್ಕೃತವಾಯಿತು. ಅವರ ಶ್ರೀಮತಿ ಆ ಪತ್ರ ಹಿಡಿದು ನಮ್ಮ ಮನೆಗೆ ಬಂದಾಗ ನನಗೆ ಬಹಳ ಸಂಕಟವಾಯಿತು. ಯಾರಿಗೂ ಗಾಯವಾಗಿರಲಿಲ್ಲ ಎಂಬುದೇ ಪುಣ್ಯ. ಆಗಿದ್ದರೆ, ಗಾಯಾಳುವಿಗೆ ಪರಿಹಾರ ಕೊಟ್ಟ ಕಂಪನಿ ಆ ಹಣವನ್ನು ಮಾಲೀಕರಿಂದ ವಸೂಲು ಮಾಡಬಹುದು. ಕೋರ್ಟುಗಳು ಅಂಥ ಆದೇಶ ಕೊಟ್ಟಿವೆ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು ಎಂದು ಅಂದಿನಿಂದ ಕಂಡ ಹಿರಿಯರಿಗೆಲ್ಲ ಹೇಳುತ್ತಿದ್ದೇನೆ.

ನಿಧಾನವಾಗಿ ಓಡಿಸುವ ನಮ್ಮಂಥವರ ನಿಜವಾದ ಆಸ್ತಿ ನೋ ಕ್ಲೇಮ್ ಬೋನಸ್. ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಮೊದಲ ವರ್ಷದ ನಂತರ ಶೇಕಡಾ 20, ಐದು ವರ್ಷ ಕ್ಲೇಮಿಲ್ಲದೆ ಕಳೆದರೆ ಶೇಕಡಾ 50 ಕಡಿತ. ಆದ್ದರಿಂದ ಸಣ್ಣ ಗೀರಿಗೆಲ್ಲ ಕ್ಲೇಮು ಹಾಕುವ ಮೊದಲು ನಾನು ಲೆಕ್ಕ ಹಾಕುತ್ತೇನೆ. ಹಳೆಯ ಕಾರಿನ ಪ್ಲಾಸ್ಟಿಕ್ ಬಂಪರಿಗೆ 6,000 ರೂಪಾಯಿ ಎಂದಿಟ್ಟುಕೊಳ್ಳಿ. ಸವಕಳಿ ಎಂದು ಅರ್ಧ ಹೋಗುತ್ತದೆ, ಕಡ್ಡಾಯವಾಗಿ ನಾವೇ ಭರಿಸಬೇಕಾದ 1,000 ಹೋಗುತ್ತದೆ. ಕೈಗೆ ಬರುವ 2,000ಕ್ಕಾಗಿ ವರ್ಷಗಳಿಂದ ಕೂಡಿಟ್ಟ ಬೋನಸ್ ಬಿಡಬೇಕೇ? ಆದರೆ ದೊಡ್ಡ ಹಾನಿಯಾದಾಗ ಸಂಕೋಚಪಡಬಾರದು, ವಿಮೆ ಕಟ್ಟಿರುವುದೇ ಅದಕ್ಕೆ.

ಈ ಬೋನಸ್ ಕಾರಿನದಲ್ಲ, ನಮ್ಮದು. ಹಳೆಯ ಕಾರು ಮಾರುವಾಗ ಕೇಳಿ ಪತ್ರ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಇನ್ನೊಂದು ಕಾರಿಗೆ ಅದು ಸಲ್ಲುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಮಾತ್ರ ಹೋಯಿತು. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಆರು ತಿಂಗಳು ಹೋಗುವ ದಂಪತಿಗಳು ನಮ್ಮ ಬಡಾವಣೆಯಲ್ಲಿ ಬಹಳ. ಹೊರಡುವ ಮುನ್ನ ಅವರು ಪಾಲಿಸಿಯ ಕೊನೆಯ ದಿನಾಂಕವನ್ನೊಮ್ಮೆ ನೋಡಲೇಬೇಕು.

ರಾತ್ರಿ ಎದುರಿನ ಹೈಬೀಮ್ ತಡೆಯಲಾಗದೆ ಬೆಂಗಳೂರಿನ ಪ್ರಯಾಣಕ್ಕೆ ಈಗ ನಾನು ಡ್ರೈವರ್ ಕರೆಯುತ್ತೇನೆ. ಸಂಬಳದ ಡ್ರೈವರಿಗೆ ಏನಾದರೂ ಆದರೆ ಮಾಲೀಕನ ಮೇಲೆ ಬರುವ ಹೊಣೆಯನ್ನೂ ವಿಮೆಗೆ ಸೇರಿಸಬಹುದು. ಹಳೆಯ ದರಪಟ್ಟಿಯಲ್ಲಿ ಅದಕ್ಕೆ ವರ್ಷಕ್ಕೆ 50 ರೂಪಾಯಿ. ಮಾಲೀಕನೇ ಓಡಿಸುವಾಗಿನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಆ ಹುಡುಗನಿಗೆ ಸಿಗುವುದಿಲ್ಲ. ಹಾಗಾಗಿ ನವೀಕರಣದ ಹೊತ್ತಿಗೆ ಏಜೆಂಟರಿಗೆ ನಾನು ಮೊದಲು ಕೇಳುವುದೇ ಡ್ರೈವರ್ ಸೇರಿದ್ದಾನೆಯೇ ಎಂದು.